ನಮ್ಮ ಇಟ್ಟಿಗೆ ಪುಡಿಯ ಮೇಲೆ ಟೆನಿಸ್

ಮಿರ್ಲೆಯ ಹತ್ತಿರ ನನ್ನದೊಂದು ಇಟ್ಟಿಗೆ ಗೂಡಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಗೂಡಿಗೆ, ಅಚ್ಚಿಗೆ ಮಣ್ಣು ತುಂಬುವ ಕೂಲಿಗೆ ಹೋಗುತ್ತಿದ್ದವಳು ನಾನು. ಈಗ ಅಲ್ಲಿ ನಾನೇ ಯಜಮಾನಿ. ಹೇಗೆ ಎಂದು ಕೇಳುವವರಿಗೆ ಒಂದೇ ಉತ್ತರ: ಚೌಕಾಸಿ. ಚೌಕಾಸಿ ಅಂದರೆ ಬೆಲೆ ಇಳಿಸುವುದು ಎಂದು ಜನ ತಿಳಿದಿದ್ದಾರೆ, ಅದು ತಪ್ಪು. ಎದುರಿಗಿರುವವರಿಗೆ ನಿಜವಾಗಿ ಏನು ಬೇಕು ಎಂಬುದನ್ನು ಅವರ ಬಾಯಿಂದಲೇ ಹೊರಡಿಸಬೇಕು. ಬೆಲೆ ಆಮೇಲಿನ ಮಾತು.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬಿಸಿಯಲ್ಲಿ ಹದ ಮಾಡುವ ಬ್ಯಾರನ್‌ಗಳಿಗೆ ವರ್ಷಗಟ್ಟಲೆ ಇಟ್ಟಿಗೆ ಕಳಿಸಿದ್ದೇನೆ. ಎಷ್ಟು ಬಿಸಿ ತಿಂದರೂ ಗೋಡೆ ಬಿರಿಯಬಾರದು, ಅಂಥ ಇಟ್ಟಿಗೆ. ಒಡೆದದ್ದು, ಮುಕ್ಕಾದದ್ದು ಗೂಡಿನ ಹಿಂದೆ ಗುಡ್ಡವಾಗಿ ಬಿದ್ದಿರುತ್ತಿತ್ತು. ಆ ಗುಡ್ಡವನ್ನು ಹುಡುಕಿಕೊಂಡು ಒಂದು ದಿನ ಮೈಸೂರಿನಿಂದ ಒಬ್ಬರು ಬಂದರು. ಟೆನಿಸ್ ಕಲಿಸುವ ಮೇಷ್ಟ್ರು. ಬಿಳಿ ಟೋಪಿ, ಬಿಳಿ ಬೂಟು; ಕೆ.ಆರ್. ನಗರದಲ್ಲಿ ಬಸ್ಸಿಳಿದು ಉಳಿದ ದಾರಿಯನ್ನು ಆಟೋದಲ್ಲಿ ಬಂದಿದ್ದರಿಂದ ಎರಡೂ ಕೆಂಪಾಗಿದ್ದವು. ಕೈಯಲ್ಲಿ ಊಟದ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಅನ್ನವಿಲ್ಲ, ಕೆಂಪು ಪುಡಿ.

"ಮೇಡಂ, ಇಂಥ ಪುಡಿ ನಿಮ್ಮಲ್ಲಿ ಸಿಗುತ್ತಾ?"

ನಾನು ಒಂದು ಚಿಟಿಕೆ ತೆಗೆದು ಉಜ್ಜಿ ನೋಡಿದೆ. "ಅರೆಬೆಂದ ಇಟ್ಟಿಗೆ ಸೇರಿಸಿ ಪುಡಿ ಮಾಡವ್ರೆ. ನೀರು ಬಿದ್ರೆ ಪಾಯಸ ಆಯ್ತದೆ. ಯಾರ್ ಕೊಟ್ರು ನಿಮಗೆ?"

ಮೇಷ್ಟ್ರು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕುಳಿತು ಎಲ್ಲ ಹೇಳಿದರು. ದೇಶವಿದೇಶದ ಹೆಣ್ಣುಮಕ್ಕಳು ಆಡುವ ಟೆನಿಸ್ ಪಂದ್ಯಾವಳಿಯೊಂದು ಮೈಸೂರಿಗೆ ಬರುವ ಅಂದಾಜಿದೆ. ಮಣ್ಣಿನ ಕೋರ್ಟ್ ಬೇಕು, ಅದರ ಮೇಲ್ಪದರಕ್ಕೆ ನುಣ್ಣನೆಯ ಇಟ್ಟಿಗೆ ಪುಡಿ ಬೇಕು. ವಿದೇಶದಿಂದ ಒಬ್ಬ ಹೆಂಗಸು ಪರೀಕ್ಷೆಗೆ ಬರುತ್ತಾರೆ. ಅವರು ಒಪ್ಪಿದರೆ ಆಟ ನಮ್ಮಲ್ಲಿ, ಇಲ್ಲದಿದ್ದರೆ ಇನ್ನೊಂದು ದೊಡ್ಡ ಊರು ಕಾದು ನಿಂತಿದೆ.

"ಅರಮನೆ ನೋಡಿ, ಮಸಾಲೆ ದೋಸೆ ತಿಂದು ಸಾಯಂಕಾಲ ಹೊರಟುಹೋಗೋ ಊರು ಅಂತ ನಮ್ಮನ್ನ ಬರೆದಿಟ್ಟುಬಿಟ್ಟಿದ್ದಾರೆ ಮೇಡಂ," ಎಂದರು. "ನೋಡ್ಕೊಂಡು ಹೋಗೋ ಊರು ಬೇರೆ, ನಂಬಿ ಆಟ ಕೊಡೋ ಊರು ಬೇರೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸ್ತಿದ್ದೀನಿ. ಒಂದು ದೊಡ್ಡ ಮ್ಯಾಚು ತೋರಿಸ್ಬೇಕು ಅಂದ್ರೆ ಟೀವಿ ಹಾಕ್ಬೇಕು. ಈ ಸಲ ತಪ್ಪಿದ್ರೆ ಇನ್ನು ನಮ್ಮ ಕಡೆ ಯಾರೂ ತಿರುಗಿ ನೋಡಲ್ಲ."

ನಮ್ಮ ಸುತ್ತಲಿನ ತಾಲ್ಲೂಕುಗಳವರಿಗೆ ಮೈಸೂರು ಎಂದರೆ ಪರವೂರಲ್ಲ. ಹೆರಿಗೆಗೂ ಅಲ್ಲಿಗೇ, ಮದುವೆ ಸೀರೆಗೂ ಅಲ್ಲಿಗೇ, ಮಕ್ಕಳ ಕಾಲೇಜಿಗೂ ಅಲ್ಲಿಗೇ. ಅದನ್ನು ಯಾರೋ ದೋಸೆ ತಿಂದು ಹೋಗುವ ಊರು ಎಂದರೆ ನನಗೂ ಚುರ್ ಎಂದಿತು. ಆದರೂ ಮುಖದಲ್ಲಿ ತೋರಿಸಲಿಲ್ಲ.

"ಪುಡಿ ಕೊಡ್ತೀನಿ. ಆದ್ರೆ ಹಾಸೋರು ನಮ್ಮ ಹೆಣ್ಣಾಳುಗಳೇ ಆಗ್ಬೇಕು."

"ಅದಕ್ಕೆ ಬೇರೆ ಕಂಟ್ರಾಕ್ಟರ್ ಇದ್ದಾರಲ್ಲ."

"ಅವ್ರು ಕೆಟ್ಟದಾಗಿ ಹಾಸ್ತಾರೆ, ಹೆಸರು ಕೆಡೋದು ನನ್ನ ಪುಡೀದು. ಬುಡಿ ಮೇಷ್ಟ್ರೇ, ಡಬ್ಬಿ ಮುಚ್ಕಳಿ."

ಅವರು ಡಬ್ಬಿ ಮುಚ್ಚಲಿಲ್ಲ, ಒಪ್ಪಿಕೊಂಡರು. ನಿಮಗೂ ಹೇಳುತ್ತೇನೆ, ಮಾಲು ಮಾರುವಾಗ ಅದನ್ನು ಬಳಸುವ ಕೈಯನ್ನೂ ಜೊತೆಗೆ ಮಾರಿ. ಅರ್ಧ ತಕರಾರು ಅಲ್ಲೇ ತಪ್ಪುತ್ತದೆ.

ನನ್ನ ಗೂಡಿನಲ್ಲಿ ಹದಿನಾಲ್ಕು ಹೆಂಗಸರಿದ್ದಾರೆ, ಹೆಚ್ಚಿನವರು ಎಚ್.ಡಿ. ಕೋಟೆ ಕಡೆಯವರು. ಅವರ ಮುಂದಾಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತೇವೆ. ಅಚ್ಚಿನ ಮೇಲೆ ಮಿಕ್ಕ ಮಣ್ಣನ್ನು ಮರದ ಪಟ್ಟಿಯಿಂದ ಒಂದೇ ಎಳೆತಕ್ಕೆ ಸವರಿ ತೆಗೆಯುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಚೆನ್ನಾಗಿ ಬೆಂದ ತುಂಡುಗಳನ್ನೇ ಆರಿಸಿ ಪುಡಿ ಮಾಡಿಸಿ, ಜರಡಿ ಹಿಡಿದು, ಮೈಸೂರಿಗೆ ಸಾಗಿಸಿದೆವು. ಎಂಟು ದಿನ ಹೆಂಗಸರು ಅಲ್ಲೇ ಉಳಿದು ದಾರ ಕಟ್ಟಿ ಮಟ್ಟ ನೋಡಿ, ನೀರು ಚಿಮುಕಿಸಿ, ರೋಲರ್ ಎಳೆದು ಕೋರ್ಟ್ ಹಾಸಿದರು. ಬಿಳಿ ಗೆರೆಯ ಪಟ್ಟಿಗಳನ್ನು ಮೇಷ್ಟ್ರು ತಾವೇ ಮೊಳೆ ಹೊಡೆದು ಕೂರಿಸಿದರು. ಪರೀಕ್ಷೆಗೆ ಒಂದು ದಿನ ಮುಂಚೆ ಎಲ್ಲ ಮುಗಿಯಿತು. ನಾನು ಕಂಪಲಾಪುರದಲ್ಲಿ ಒಂದು ಬ್ಯಾರನ್‌ನ ಇಟ್ಟಿಗೆ ಇಳಿಸುವುದಿದೆ ಎಂದು ಮಧ್ಯಾಹ್ನವೇ ಹೊರಟೆ. ಹೋಗುವಾಗ ದೊಡ್ಡವ್ವನಿಗೆ, "ನಾಳೆ ಆಯಮ್ಮ ಬರೋ ಹೊತ್ಗೆ ಒಂದು ಕಸ ಇರಬಾರ್ದು, ಧೂಳು ಏಳಬಾರ್ದು," ಎಂದೆ. ತಪ್ಪು ನನ್ನದೇ. ಏನು ಮಾಡಬೇಕು ಎಂದು ಹೇಳಿದೆ, ಹೇಗೆ ಎಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರೂ ನಾನೂ ಗೇಟಿನಲ್ಲಿ ಸಿಕ್ಕೆವು. ಒಳಗೆ ಕಾಲಿಟ್ಟವರೇ ಇಬ್ಬರೂ ನಿಂತುಬಿಟ್ಟೆವು. ಕೆಂಪು ಕೋರ್ಟ್ ಕಾಣಲಿಲ್ಲ. ಅಷ್ಟಗಲದ ನೆಲವನ್ನೂ ಸಗಣಿಯಿಂದ ಸಾರಿಸಿದ್ದರು. ಹಸಿರು, ನುಣ್ಣಗೆ, ಅರ್ಧಚಂದ್ರದ ಕೈಬೀಸು ಸಾಲುಸಾಲಾಗಿ. ಬಿಳಿ ಗೆರೆಗಳಿಗೆ ಒಂದು ಹನಿಯೂ ತಾಗಿರಲಿಲ್ಲ, ಅಷ್ಟು ಜೋಪಾನ. ನಾಲ್ಕು ಮೂಲೆಗೂ ರಂಗೋಲಿ.

ಮೇಷ್ಟ್ರು ಟೋಪಿ ತೆಗೆದು ಮೆಟ್ಟಿಲ ಮೇಲೆ ಕುಳಿತರು. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಗುನಗುತ್ತ ಬಂದಳು.

"ನೆನ್ನೆ ಸಂದೇಲಿ ಗಾಳಿ ಎದ್ಬುಡ್ತು ಕಣವ್ವ. ಕೆಂಪು ಧೂಳು ಎಲ್ಲಾ ಆ ಬಿಳಿ ಕುರ್ಚಿ ಮ್ಯಾಕೆ. ದೊಡ್ಡೋರು ಬಂದು ಕುಂತ್ಕಂಡ್ರೆ ಅವ್ರ ಬಟ್ಟೆ ಗತಿ ಏನು? ಇಂದ್ಗಡೆ ಹಾಲಿನೋರ ಕೊಟ್ಟಿಗೆ ಐತಲ್ಲ, ಬಾಂಡ್ಲೀಲಿ ತಂದು ಬಗ್ಗಡ ಮಾಡಿ ಎಲ್ರೂ ಸೇರ್ಕಂಡು ಸಾರ್ಸುದ್ವು. ಕಣ ಮಾಡ್ದಂಗೆ ಆಗಿಲ್ವಾ?"

ಆಗಿತ್ತು. ರಾಗಿ ಬಡಿಯಲು ಅದಕ್ಕಿಂತ ಒಳ್ಳೆಯ ಕಣ ಯಾವ ಹೊಲದಲ್ಲೂ ಇರಲಿಲ್ಲ. ನಾವೆಲ್ಲ ಈಗ ರಾಗಿಯನ್ನು ಟಾರು ರಸ್ತೆಗೆ ಹರಡಿ ಬಸ್ಸಿನ ಚಕ್ರಕ್ಕೆ ತುಳಿಸುವವರು. ದೊಡ್ಡವ್ವನ ಕಾಲದವರಿಗೆ ಮಾತ್ರ ಈ ಕೈ ಉಳಿದಿದೆ.

ಮೇಷ್ಟ್ರು ಎದ್ದರು. "ಆಯಮ್ಮ ಒಂಬತ್ತಕ್ಕೆ ಬರ್ತಾರೆ. ಗೇಟಿನ ಬೀಗದ ಕೈ ಕಳೆದಿದೆ ಅಂತ ಹೇಳ್ಬಿಡ್ತೀನಿ. ಹೋಟೆಲು, ಆಸ್ಪತ್ರೆ ಮೊದಲು ತೋರಿಸ್ಕೊಂಡು ಬರ್ತೀನಿ."

"ಬೇಡ. ಅವ್ರಿಗೆ ಆಮೇಲೆ ಗೊತ್ತಾದ್ರೆ ಕೋರ್ಟೂ ಹೋಯ್ತು, ಮಾತೂ ಹೋಯ್ತು. ಮೊದಲು ಇದನ್ನೇ ತೋರ್ಸಿ."

"ನಿಮಗೆ ತಲೆ ಕೆಟ್ಟಿದೆಯಾ?"

ಮೂವತ್ತು ವರ್ಷದ ವ್ಯಾಪಾರದಲ್ಲಿ ಕಲಿತದ್ದನ್ನು ಅವರಿಗೆ ಹೇಳಿದೆ. ಲೋಡಿನಲ್ಲಿ ಕೆಟ್ಟ ಇಟ್ಟಿಗೆ ಇದ್ದರೆ ಗಿರಾಕಿ ಕಂಡುಹಿಡಿಯುವ ಮೊದಲು ನೀವೇ ಕೈಯಲ್ಲಿ ಹಿಡಿದು ತೋರಿಸಬೇಕು. ಆಮೇಲೆ ಆತ ಲೋಡಿನಲ್ಲಿ ಉಳಿದದ್ದನ್ನು ಅನುಮಾನಿಸುವುದಿಲ್ಲ. ಮೇಷ್ಟ್ರು ತಲೆಯಾಡಿಸಲಿಲ್ಲ, ಆದರೆ ಬೀಗವನ್ನೂ ಹಾಕಲಿಲ್ಲ.

ಒಂಬತ್ತಕ್ಕೆ ಸರಿಯಾಗಿ ಕಾರು ಬಂತು. ಎತ್ತರದ ಹೆಂಗಸು, ನರೆತ ಕೂದಲು, ಕೈಯಲ್ಲಿ ಒಂದು ಫೈಲು. ಕೋರ್ಟಿನ ಅಂಚಿನಲ್ಲಿ ನಿಂತು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬಗ್ಗಿ ಒಂದು ಬೆರಳಿನಿಂದ ಮುಟ್ಟಿ, ಮೂಗಿನ ಹತ್ತಿರ ತಂದು, ಮೇಷ್ಟ್ರನ್ನು ಏನೋ ಕೇಳಿದರು. ಮೇಷ್ಟ್ರು ಇಂಗ್ಲಿಷಿನಲ್ಲಿ ಉದ್ದಕ್ಕೆ ಉತ್ತರ ಕೊಟ್ಟರು.

"ಏನಂದ್ರಿ?" ಎಂದು ಕೇಳಿದೆ.

"ಸಾವಯವ ಲೇಪನ ಅಂದೆ."

"ಸಗಣಿ ಅನ್ನಿ ಮೇಷ್ಟ್ರೇ."

ಅವರು ಹೇಳಿದರು. ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದು ಬೆರಳನ್ನೇ ನೋಡಿಕೊಂಡರು. ಯಾಕೆ ಎಂದು ಕೇಳಿದರು. ಕಾಳು ಬಡಿಯುವ ನೆಲವನ್ನು ನಾವು ಹೀಗೆ ಸಿದ್ಧ ಮಾಡುತ್ತೇವೆ, ಗಣ್ಯರ ಬಟ್ಟೆಗೆ ಧೂಳು ಹತ್ತಬಾರದೆಂದು ನಮ್ಮ ಹೆಂಗಸರು ಮಾಡಿದ್ದಾರೆ, ಇದು ಕೋರ್ಟಿಗೆ ಆಗುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ, ಅಡಿಯ ನೆಲ ಸರಿಯಾಗಿದೆ: ಇಷ್ಟನ್ನೂ ನಾನು ಹೇಳಿದೆ, ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸಿದರು. ಆಕೆ ಜೇಬಿನಿಂದ ಒಂದು ಚೆಂಡು ತೆಗೆದು ಕೈಬಿಟ್ಟರು. ಅದು ಎತ್ತರಕ್ಕೇನೋ ಪುಟಿಯಿತು, ಹಸಿರು ಬೊಟ್ಟಿಟ್ಟುಕೊಂಡು. ಹಿಂದೆ ನಿಂತಿದ್ದ ಹೆಂಗಸರು ಕಿಸಕ್ಕೆಂದರು. ಆಕೆಯ ಬಾಯಂಚಿನಲ್ಲೂ ನಗು ಬಂದದ್ದು ನಾನು ನೋಡಿದೆ. ಆದರೆ ಫೈಲು ತೆರೆದು ಪೆನ್ನಿನ ಮುಚ್ಚಳ ತೆಗೆದರು.

ಇನ್ನು ತಡಮಾಡಬಾರದು. "ಬರೆಯೋಕೆ ಮುಂಚೆ ಒಂದು ಕೇಳಿ ಮೇಷ್ಟ್ರೇ. ಕೋರ್ಟ್ ಬಿಟ್ಟು ನಮ್ಮೂರಲ್ಲಿ ಅವ್ರಿಗೆ ಏನು ಅನುಮಾನ ಇದೆ ಅಂತ."

ಆಕೆ ಆಶ್ಚರ್ಯದಿಂದ ನನ್ನ ಕಡೆ ತಿರುಗಿ ನಿಧಾನವಾಗಿ ಉತ್ತರಿಸಿದರು. ಮೇಷ್ಟ್ರು ಹೇಳಿದರು: "ಕೋರ್ಟ್ ಯಾರು ಬೇಕಾದರೂ ಒಂದು ಸಲ ಚೆನ್ನಾಗಿ ಮಾಡ್ತಾರಂತೆ. ಆಟ ನಡೀತಿರೋವಾಗ ಮಳೆ ಬಂದು ಕೆಟ್ಟುಹೋದ್ರೆ? ಸಣ್ಣ ಊರಲ್ಲಿ ರಿಪೇರಿಗೆ ಜನ ಸಿಗದೆ ಎರಡೆರಡು ದಿನ ಆಟ ನಿಂತದ್ದನ್ನ ನೋಡಿದಾರಂತೆ. ಅವ್ರ ಭಯ ಅದೇ."

ಸಿಕ್ಕಿತು! ಅವರಿಗೆ ಬೇಕಾದ್ದು ಏನೆಂದು ಅವರ ಬಾಯಿಂದಲೇ ಬಂದಿತ್ತು.

"ಈಗ ಕೆಟ್ಟಿರೋ ಕೋರ್ಟು ಕಣ್ಮುಂದೆ ಐತೆ. ಮಧ್ಯಾಹ್ನ ಎರಡು ಗಂಟೆಗೆ ಸರಿಮಾಡಿ ಕೊಡ್ತೀವಿ. ಅವ್ರು ಇಲ್ಲೇ ಕುಂತು ನೋಡ್ಲಿ. ಆಗ್ಲಿಲ್ಲ ಅಂದ್ರೆ ಮೈಸೂರು ಬೇಡ ಅಂತ ಬರ್ಕೊಂಡು ಹೋಗ್ಲಿ."

ಮೇಷ್ಟ್ರು ಟೋಪಿಯಿಂದ ಮುಖ ಒರೆಸಿಕೊಂಡರು. "ಪೂರ್ತಿ ಊರನ್ನೇ ಪಣಕ್ಕಿಟ್ರಲ್ಲ ಮೇಡಂ!" ಎನ್ನುತ್ತಲೇ ಅನುವಾದ ಮಾಡಿದರು. ಆಕೆ ಗಡಿಯಾರ ನೋಡಿ, ಬಿಳಿ ಕುರ್ಚಿಯೊಂದನ್ನು ನೆರಳಿಗೆ ಎಳೆದು ಕುಳಿತರು.

ಈಗ ನಿಜವಾದ ಚೌಕಾಸಿ ಶುರುವಾಯಿತು, ದೊಡ್ಡವ್ವನ ಜೊತೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಸಾರ್ಸಿದ ನೆಲಾನ ಕೆರೆದು ತಗೀಬೇಕಾ? ಒಳ್ಳೇದಾಗಲ್ಲ ಕಣವ್ವ. ನಾನ್ ಮಾಡಕಿಲ್ಲ."

"ದೊಡ್ಡವ್ವ, ಅವ್ರು ಕಾಲು ಜಾರಿ ಬೀಳ್ತಾರೆ."

"ಬೀಳದಂಗೆ ಮೆತ್ತಗೆ ಓಡಾಡ್ಲಿ. ಆಟಕ್ಕೆ ಅಂತ ಬಂದೋರ್ಗೆ ಅಷ್ಟೂ ಗೊತ್ತಾಗಕಿಲ್ವಾ?"

ನಾನು ಸುಮ್ಮನೆ ನಿಂತೆ. ಅವಳೂ ಸುಮ್ಮನೆ ನಿಂತಳು. ನನಗೆ ಈ ವಿದ್ಯೆ ಅವಳಿಂದಲೇ ಬಂದಿರಬೇಕು. ಕೊನೆಗೆ ನಾನೇ ಇಳಿದೆ. ಗೇಟಿನ ಒಳಗೆ, ಆಟದ ಅಂಗಳದಿಂದ ಆಚೆ, ಎರಡು ಮಾರು ನೆಲವನ್ನು ಅವಳಿಗೆ ಬಿಟ್ಟುಕೊಟ್ಟೆ: ಅಲ್ಲಿ ದಿನಾ ಸಾರಿಸಿ ರಂಗೋಲಿ ಹಾಕಬಹುದು, ಯಾರೂ ಕೇಳುವುದಿಲ್ಲ. ಅವಳು ಆ ಜಾಗಕ್ಕೆ ಹೋಗಿ ಹೆಜ್ಜೆ ಹಾಕಿ ಅಳೆದಳು. "ಮೂರು ಮಾರು," ಎಂದಳು. ಕೊಟ್ಟೆ.

ಆಮೇಲೆ ನೋಡಬೇಕಿತ್ತು ಆ ಕೆಲಸ. ಗೂಡಿನಿಂದ ತಂದಿದ್ದ ಮರದ ಪಟ್ಟಿಗಳನ್ನು ಹಿಡಿದು ಹದಿನಾಲ್ಕು ಹೆಂಗಸರು ಒಂದೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತರು, ನಾಟಿ ಹಾಕುವವರ ಹಾಗೆ ಹಿಂದಕ್ಕೆ ಸರಿಯುತ್ತ ಬಂದರು. ಬಿಸಿಲಿಗೆ ಒಣಗಿದ್ದ ಸಗಣಿ ಹಪ್ಪಳದಂತೆ ಎದ್ದು ಬಂತು. ಜೊತೆಗೆ ಅವರದೇ ತಮಾಷೆ.

"ಲೇ, ನಿನ್ ಗಂಡನ ಗಡ್ಡ ಕೆರೆದಂಗೆ ಕೆರೀಬೇಡ ಕಣೇ, ಮೆತ್ತಗೆ!"

"ನನ್ ಗಂಡ ಗಡ್ಡ ಕೆರ್ಕಳಕ್ಕೆ ಯಾವತ್ತು ಎದ್ದವ್ನೆ? ಇನ್ನೂ ಮಲಗವ್ನೆ!"

ನೆರಳಿನಲ್ಲಿ ಕುಳಿತಿದ್ದ ಹೆಂಗಸು ಮೇಷ್ಟ್ರ ಹತ್ತಿರ ಅರ್ಥ ಕೇಳಿದರು. ಮೇಷ್ಟ್ರು ಕೆಮ್ಮಿದರು. ಆಮೇಲೆ ಹೇಳಿದರೆಂದು ಕಾಣುತ್ತದೆ, ಏಕೆಂದರೆ ಆಕೆ ಜೋರಾಗಿ ನಕ್ಕರು.

ಹನ್ನೆರಡಕ್ಕೆ ಹಸಿರು ಪೂರ್ತಿ ಹೋಯಿತು. ಜೊತೆಗೆ ಮೇಲಿನ ಒಂದು ಪದರ ಕೆಂಪೂ ಹೋಗಿತ್ತು, ಅದು ಹೋಗುತ್ತದೆಂದು ಗೊತ್ತಿತ್ತು. ಉಳಿದಿದ್ದ ಚೀಲಗಳನ್ನು ಬಿಚ್ಚಿ ಹೊಸ ಪುಡಿಯನ್ನು ಜರಡಿಯಲ್ಲೇ ಉದುರಿಸಿಕೊಂಡು ಬಂದರು. ನೀರು, ರೋಲರ್, ಮತ್ತೆ ನೀರು. ಊಟಕ್ಕೆ ಯಾರೂ ಏಳಲಿಲ್ಲ. ಎರಡಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ದೊಡ್ಡವ್ವ ದಾರ ಎಳೆದು ಮಟ್ಟ ನೋಡಿ, ಒಂದು ಕಡೆ ಅಂಗೈಯಿಂದ ಸವರಿ, "ಬರೇಳು ಆಯಮ್ಮನ್ನ," ಎಂದಳು.

ಆಕೆ ಬಂದರು. ಹತ್ತು ಕಡೆ ಚೆಂಡು ಬಿಟ್ಟರು. ಹತ್ತು ಕಡೆಯೂ ಅದು ಒಂದೇ ಎತ್ತರಕ್ಕೆ ಎದ್ದಿತು. ಬೂಟುಗಾಲಿನಿಂದ ಬೇಕೆಂದೇ ಜಾರಿ ನೋಡಿದರು. ಆಕೆ ಫೈಲಿನಲ್ಲಿ ಏನೋ ಬರೆದು, ಹರಿದು, ಮತ್ತೆ ಬರೆದರು. ಮೇಷ್ಟ್ರು ಓದಿ ನನ್ನ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ಕೊಟ್ರು ಮೇಡಂ. ನಮ್ಮೂರಿಗೇ ಕೊಟ್ರು. ಒಂದು ಷರತ್ತು. ಪಂದ್ಯ ಮುಗಿಯೋವರೆಗೂ ಈ ಹದಿನಾಲ್ಕು ಜನ ಇಲ್ಲೇ ಇರಬೇಕಂತೆ. ಬೇರೆ ಯಾರೂ ಕೋರ್ಟ್ ಮುಟ್ಟೋ ಹಾಗಿಲ್ಲ. ಇನ್ನೊಂದು... ಹಸು ಬೇಡವಂತೆ."

ಷರತ್ತು ಅವರ ಕಡೆಯಿಂದ ಬಂದಾಗ ನಾವು ಖುಷಿಯಿಂದ ಕುಣಿಯಬಾರದು, ನಮ್ಮ ಷರತ್ತು ಇಡಬೇಕು. ನಾನು ಇಟ್ಟೆ: ಹೆಂಗಸರಿಗೆ ನೆರಳಿನಲ್ಲಿ ಕುರ್ಚಿ, ಮಧ್ಯಾಹ್ನ ಬಿಸಿ ಮುದ್ದೆ ಸೊಪ್ಪಿನ ಸಾರು, ಮತ್ತು ಆಟಗಾರ್ತಿಯರಿಗೆ ಕೊಡುವಂಥದ್ದೇ ಫೋಟೋ ಇರುವ ಗುರುತಿನ ಚೀಟಿಯ ಕೊರಳ ಪಟ್ಟಿ. ಮೂರೂ ಸಿಕ್ಕವು. ದೊಡ್ಡ ಆಟ ನಡೆಸಬೇಕು ಎಂದು ಆಸೆಪಡುವ ಊರುಗಳಿಗೆ ನಾನು ಹೇಳುವುದಿಷ್ಟೇ: ಗ್ಯಾಲರಿಗೆ ಎಷ್ಟು ದುಡ್ಡು ಸುರಿದಿರಿ ಎಂದು ತೋರಿಸಲು ಹೋಗಬೇಡಿ. ಬೆಳಿಗ್ಗೆ ಕೆಟ್ಟದ್ದನ್ನು ಮಧ್ಯಾಹ್ನಕ್ಕೆ ಸರಿಮಾಡುವ ಕೈ ಸುತ್ತಲಿನ ಯಾವ ಹಳ್ಳಿಯಲ್ಲಿದೆ ಎಂದು ತಿಳಿದಿಟ್ಟುಕೊಳ್ಳಿ.

ಪಂದ್ಯದ ಮೊದಲ ದಿನ ಮೇಷ್ಟ್ರು ತಮ್ಮ ಶಿಷ್ಯರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅಂಗಳದ ಪಕ್ಕದಲ್ಲಿ ನಮ್ಮ ಹೆಂಗಸರು ಕೊರಳ ಪಟ್ಟಿ ಹಾಕಿಕೊಂಡು, ಪೊರಕೆಗಳನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕುಳಿತಿದ್ದರು. ಊರೆಲ್ಲ ಚೆಂಡನ್ನು ನೋಡುತ್ತಿತ್ತು, ಅವರು ಮಾತ್ರ ಕಾಲುಗಳನ್ನು. ಯಾವ ದೇಶದವಳೋ ಏನೋ, ಒಬ್ಬಳು ದೂರದ ಚೆಂಡಿಗೆ ಓಡಿ ಎರಡು ಮಾರು ಉದ್ದಕ್ಕೆ ಸರ್ರನೆ ಜಾರಿ ಹೊಡೆದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡವ್ವನೂ ಎದ್ದಳು.

"ಎಂಗ್ ಕೆರೀತಾವ್ಳೆ ನೋಡ್ರವ್ವ ನೆಲಾನ! ಮೇಷ್ಟ್ರೇ, ಆ ಮಗೀಗೆ ಒಸಿ ಕಾಲ್ ಎತ್ತಿ ಓಡು ಅಂತ ಏಳಿ!"