ಮಾಲತಿಗೆ ನಿದ್ದೆ ಬಂದಿದೆ

"ಆನಿ ಎಲ್ಲೈತ್ರೀ?"

ಕಳೆದ ಭಾನುವಾರ ಬೋರಿವಲಿಯ ಸರ್ಕಸ್ ಟೆಂಟಿನಲ್ಲಿ ನಮ್ಮತ್ತೆ ಎದ್ದು ನಿಂತು ಹೀಗೆ ಕೂಗಿದರು. ರಿಂಗಿನಲ್ಲಿ ಒಂಟಿ ಚಕ್ರದ ಸೈಕಲ್ ಹೊಡೆಯುತ್ತಿದ್ದ ಜೋಕರ್ ಕಕ್ಕಾಬಿಕ್ಕಿಯಾಗಿ ನಮ್ಮ ಕಡೆ ನೋಡಿದ. ಸುತ್ತಲಿನವರಿಗೆ ಕನ್ನಡ ಬಾರದು. ಆದರೂ ನಕ್ಕರು. (ಅತ್ತೆಯ ದನಿಗೆ ಅನುವಾದ ಬೇಕಿಲ್ಲ.)

ಅತ್ತೆ ವಿಜಯಪುರದವರು. ದಹಿಸರಿಗೆ ಬಂದು ನಮ್ಮೊಂದಿಗೆ ಇರತೊಡಗಿ ಎಷ್ಟೋ ಕಾಲವಾಯಿತು. ಮಾತು ಮಾತ್ರ ಇವತ್ತಿಗೂ ಅಲ್ಲಿಯದೇ. ಚಿಕ್ಕಂದಿನಲ್ಲಿ ನೋಡಿದ ಸರ್ಕಸ್ ಆನೆಯ ಕಥೆಯನ್ನು ನನ್ನ ಮಗಳಿಗೆ ಅದೆಷ್ಟು ಸಲ ಹೇಳಿದ್ದಾರೋ! ಬ್ಯಾಂಡ್ ಬಾರಿಸಿದರೆ ಸಾಕು, ಆನೆ ತಲೆ ತೂಗುತ್ತ ಕುಣಿಯುತ್ತಿತ್ತಂತೆ. ಹೀಗಾಗಿ ಸರ್ಕಸ್ಸಿಗೆ ಹೋಗೋಣ ಅಂದಾಗ ಎಲ್ಲರಿಗಿಂತ ಮೊದಲು ಸೀರೆ ಬದಲಿಸಿ ಬಾಗಿಲಲ್ಲಿ ನಿಂತವರೂ ಅವರೇ.

ನಮ್ಮ ಜೊತೆ ಶಾರದಕ್ಕನೂ ಬಂದಿದ್ದರು. ನಮ್ಮ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ ಬ್ಲೌಸ್ ಹೊಲಿಯುತ್ತಾರೆ. ಬೆಳಗಾವಿ ಕಡೆಯವರು. ಹಿಂದೆ ಸರ್ಕಸ್ಸಿನಲ್ಲಿದ್ದರು ಅನ್ನೋದು ಬಿಲ್ಡಿಂಗಿಗೆಲ್ಲ ಗೊತ್ತು. ಅಲ್ಲಿ ಏನು ಮಾಡುತ್ತಿದ್ದರು ಅಂತ ಯಾರೂ ಕೇಳಿರಲಿಲ್ಲ. ಬ್ಲೌಸ್ ಯಾವಾಗ ಸಿಗುತ್ತೆ ಅನ್ನೋದನ್ನು ಬಿಟ್ಟು ಟೇಲರನ್ನು ನಾವು ಬೇರೇನಾದರೂ ಕೇಳಿದ್ದುಂಟೇ?

ಇಂಟರ್ವಲ್ ಆಯಿತು. ಸರ್ಕಸ್ಸಿನಲ್ಲಿ ಈಗ ಆನೆ ಆಡಿಸುವಂತಿಲ್ಲ, ಕಾನೂನು ಬಂದಿದೆ ಅಂತ ಅತ್ತೆಗೆ ಹೇಳಿದೆ. ವಡಾಪಾವ್ ಕೈಗೆ ಬಂದರೂ ಅತ್ತೆಯ ಸಿಟ್ಟು ಇಳಿಯಲಿಲ್ಲ.

"ಹುಲಿ ಬ್ಯಾಡ ಅಂದ್ರು, ಹೋಗ್ಲಿ, ಅದು ಕಡಿತೈತಿ. ಆನಿ ಏನ್ ಮಾಡಿತ್ತು? ಈ ಕಾನೂನು ಮಾಡೋರಿಗೆ ಬ್ಯಾರೆ ಉದ್ಯೋಗ ಇಲ್ಲೇನು?"

"ನಾನೂ ಹಿಂಗ ಅಂದಿದ್ದೆ, ಅವ್ವಾರ," ಅಂದರು ಶಾರದಕ್ಕ. "ಆನಿ ಒಯ್ಯಾಕ ಬಂದ ಟ್ರಕ್ಕಿಗೆ ಅಡ್ಡ ನಿಂತು ಅಂದಿದ್ದೆ."

ನಾವು ವಡಾಪಾವ್ ಮರೆತೆವು.

ಶಾರದಕ್ಕನದು ಆನೆಯ ಐಟಂ ಅಂತೆ. ಆನೆಯ ಹೆಸರು ಮಾಲತಿ. ಅದು ಸ್ಟೂಲಿನ ಮೇಲೆ ಮುಂಗಾಲಿಟ್ಟು ಏಳುತ್ತಿತ್ತು. ಅದರ ನೆತ್ತಿಯ ಮೇಲೆ ಶಾರದಕ್ಕ ಕೈ ಚಾಚಿ ನಿಲ್ಲುತ್ತಿದ್ದರು. ಊಟಕ್ಕೆ ಕೂರುವ ಮುಂಚೆ ತಮ್ಮ ಪಾಲಿನ ರೊಟ್ಟಿಯಲ್ಲಿ ಒಂದು ತುಂಡು ಮಾಲತಿಯ ಬಾಯಿಗೆ ಹೋಗಲೇಬೇಕು.

"ಹೊಡೀತಿದ್ರಾ ಅದಕ್ಕೆ?" ನಾನು ಕೇಳಿದೆ.

"ಸ್ಟೂಲ್ ಮ್ಯಾಲ ನಿಂದ್ರು ಅಂದ್ರ ಆನಿ ಸುಮ್ನ ನಿಂದರತೈತೇನ್ರಿ? ಅಂಕುಶ ಇತ್ತು. ಕಿವಿ ಹಿಂದ ಚುಚ್ಚೋರು. ಆ ಗಾಯಕ್ಕ ನಾನೇ ಅರಿಷಿಣ ಹಚ್ಚತಿದ್ದೆ. ಸಂಜಿ ಶೋದಾಗ ಅದರ ಮ್ಯಾಲ ಜರಿ ಬಟ್ಟಿ ಹಾಕೋರು. ಜನಕ್ಕ ಏನ್ ಕಾಣಸ್ತೈತಿ?"

ಹುಲಿ, ಸಿಂಹ, ಕರಡಿಗಳನ್ನು ಕಾನೂನು ಎಂದೋ ರಿಂಗಿನಿಂದ ಇಳಿಸಿತ್ತು. ಆನೆಯ ಸರದಿ ಬರುವುದು ಬಹಳ ತಡವಾಯಿತು. (ಗಣಪತಿಗೆ ಇಷ್ಟು ದೊಡ್ಡ ಪೆಂಡಾಲ್ ಹಾಕುವ ದೇಶದಲ್ಲಿ!) ಅಂತೂ ಒಂದು ದಿನ ನಿಯಮ ಬಿಗಿಯಾಯಿತು, ಅಧಿಕಾರಿಗಳು ಟ್ರಕ್ ತಂದರು. ಮಾಲತಿ ನನ್ನನ್ನು ಬಿಟ್ಟು ಬದುಕುವುದಿಲ್ಲ ಅಂತ ಶಾರದಕ್ಕ ಗೇಟಿನಲ್ಲಿ ನಿಂತು ಅತ್ತರಂತೆ. ಟ್ರಕ್ ನಿಲ್ಲಲಿಲ್ಲ. ಆನೆ ಹೋದ ಮೇಲೆ ಅವರ ಐಟಂ ಕೂಡ ಹೋಯಿತು. ಕಲಾವಿದರ ಡ್ರೆಸ್ ಹೊಲಿದು ಕೈ ಪಳಗಿದ್ದರಿಂದ ಹೊಲಿಗೆ ಮಶೀನು ಅವರ ಕೈ ಹಿಡಿಯಿತು.

ಕೆಲವು ತಿಂಗಳ ಮೇಲೆ ಆನೆಗಳ ಆಶ್ರಯಧಾಮಕ್ಕೆ ಹುಡುಕಿಕೊಂಡು ಹೋದರು, ಬಾಳೆಹಣ್ಣಿನ ಚೀಲ ಹಿಡಿದು.

"ಮಣ್ಣಿನ ದಿಬ್ಬದ ಮ್ಯಾಲ ಅಡ್ಡ ಬಿದ್ದಿತ್ತು, ಅವ್ವಾರ. ನನ್ನ ಜೀವಾನ ಹೋದಂಗಾತು. ಸತ್ತೈತಿ ಅಂತ ಚೀರಿಬಿಟ್ಟೆ. ಅಲ್ಲಿ ಕೆಲಸದಾವ ಓಡಿ ಬಂದ. 'ಅರೇ ಬಾಯಿ, ಧೀರೇ! ಸೋಯಿ ಹೈ' ಅಂದ."

ಮಾಲತಿ ಮಲಗಿತ್ತು. ಅಷ್ಟೇ.

ವರ್ಷಗಟ್ಟಲೆ ಜೊತೆಗಿದ್ದ ಶಾರದಕ್ಕ ಅದು ಮಲಗಿದ್ದನ್ನೇ ನೋಡಿರಲಿಲ್ಲ. ಕಾಲಿನ ಸರಪಳಿ ಅಷ್ಟು ಗಿಡ್ಡ. ನಿಂತಲ್ಲೇ ತೂಕಡಿಸಬೇಕು, ನಿಂತಲ್ಲೇ ಏಳಬೇಕು.

ಅತ್ತೆ ಮೆಲ್ಲಗೆ ಕೇಳಿದರು, "ಬ್ಯಾಂಡಿಗೆ ತಲಿ ತೂಗತಿತ್ತೇನು, ನಿನ್ನ ಮಾಲತಿ?"

"ಬ್ಯಾಂಡ್ ಇಲ್ಲದಾಗೂ ತೂಗತಿತ್ತು. ಕಟ್ಟಿ ಹಾಕಿದಲ್ಲೇ, ಒಂದ ಸವನ. ನಾನೂ ಕುಣಿತೈತಿ ಅಂತ ತಿಳಕೊಂಡಿದ್ದೆ. ಅದು ಸಂಕಟಕ್ಕ ಮಾಡೂದು ಅಂತ ಅಲ್ಲಿ ಡಾಕ್ಟರ್ ಹೇಳಿದ್ರು. ಈಗ ಆ ತೂಗೂದು ನಿಂತೈತಿ."

"ಎದ್ದ ಮ್ಯಾಲ ನಿನ್ನ ಗುರ್ತು ಹಿಡೀತಾ?"

"ಹಿಡೀತು. ಸೊಂಡಿಲಿನಿಂದ ಮಾರಿ ಎಲ್ಲಾ ಸವರಿತು. ಬಾಳಿಹಣ್ಣು ತಿಂತು. ಆಮ್ಯಾಲೆ ಇನ್ನೊಂದು ಆನಿ ಜೋಡಿ ಕೆರಿ ಕಡೆ ಹೊಂಟು ಹೋತು. ಕರದೆ. ತಿರುಗಿ ಸೈತ ನೋಡಲಿಲ್ಲ."

"ಕೆಟ್ಟ ಅನಸಲಿಲ್ಲೇನ?"

"ಅನಸ್ತು. ಟ್ರೇನಿನ್ಯಾಗ ಅಳಕೋತ ಬಂದೆ. ಬೋರಿವಲಿ ಬರೂದ್ರಾಗ ನಗು ಬಂತು ನೋಡ್ರಿ! ಕರದ್ರ ಬರಬೇಕು ಅಂತ ಹೊಡದು ಹೊಡದು ಕಲಿಸಿದ್ರು. ಈಗ ಕರದ್ರೂ ಬರಲಾರದಷ್ಟು ಆರಾಮ ಐತಿ. ಮತ್ತೇನ್ ಬೇಕು?"

ನಿಮ್ಮ ಹಾಗೆ ನನಗೂ ಕಾನೂನು ಅಂದರೆ ಅಷ್ಟಕ್ಕಷ್ಟೇ. ನಮ್ಮ ರಸ್ತೆಯ ನೋ ಪಾರ್ಕಿಂಗ್ ಬೋರ್ಡಿನ ಕೆಳಗೇ ದಿನವೂ ಸ್ಕೂಟರುಗಳ ಜಾತ್ರೆ. ಕಾಗದದ ಮೇಲಿನ ಸಾಲುಗಳಿಂದ ಏನಾಗುತ್ತೆ ಅಂತ ಈ ಅಂಕಣದಲ್ಲೇ ಗೊಣಗಿದ್ದೇನೆ. ಆದರೆ ಯೋಚಿಸಿ. ಮಾಲತಿಯನ್ನು ಪ್ರೀತಿಸುವವರು ಇರಲಿಲ್ಲವೇ? ಇದ್ದರು. ರೊಟ್ಟಿ ಕೊಟ್ಟರು, ಅರಿಷಿಣ ಹಚ್ಚಿದರು. ಚಪ್ಪಾಳೆ ತಟ್ಟಿದ ಮಕ್ಕಳದೂ ಪ್ರೀತಿಯೇ. ಇಷ್ಟು ಪ್ರೀತಿಯ ನಡುವೆಯೂ ಸರಪಳಿ ಒಂದಿಂಚು ಉದ್ದವಾಗಲಿಲ್ಲ. ಅದನ್ನು ಬಿಚ್ಚಲು, ಯಾರ ಮುಖವನ್ನೂ ನೋಡದ ಒಂದು ನಿಯಮವೇ ಬರಬೇಕಾಯಿತು.

ಇಂಟರ್ವಲ್ ಮುಗಿದು ಲೈಟ್ ಆರಿತು. ಎತ್ತರದ ಜೋಕಾಲಿಗಳಲ್ಲಿ ಹುಡುಗಿಯರು ಹಾರತೊಡಗಿದರು. "ಆಜಿ, ದೇಖೋ ನಾ!" ಅಂತ ನನ್ನ ಮಗಳು ಕಿರುಚಿದಳು. ಕೆಳಗೆ ಬಲೆ ಇದ್ದರೂ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಕೊನೆಯ ಹುಡುಗಿ ಆಚೆಯವಳ ಕೈ ಹಿಡಿದದ್ದೇ ತಡ, ಇಡೀ ಟೆಂಟಿಗೆ ಕೇಳುವಂತೆ ಚಪ್ಪಾಳೆ ತಟ್ಟಿದರು. ಶಾರದಕ್ಕನ ಕಣ್ಣು ಮಾತ್ರ ಆ ಹುಡುಗಿಯ ಡ್ರೆಸ್ಸಿನ ಮೇಲೆ. "ಬಗಲಾಗ ಫಿಟಿಂಗ್ ಸರಿ ಇಲ್ಲ," ಅಂದರು. ಎಲ್ಲರೂ ನಕ್ಕೆವು. ನಿಜ ಹೇಳಲೇ? ಅಷ್ಟು ಖುಷಿಯ ಭಾನುವಾರ ಇತ್ತೀಚೆಗೆ ಸಿಕ್ಕಿರಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಒತ್ತಿಕೊಂಡು ಕೂತಿದ್ದೆವು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ದಹಿಸರ್ ಸಮೀಪಿಸಿದಾಗ ಅತ್ತೆ ಶಾರದಕ್ಕನ ಕಡೆ ತಿರುಗಿದರು.

"ಶಾರದಾ, ಗುಡಿ ಮುಂದ ಆಶೀರ್ವಾದ ಮಾಡು ಅಂತ ದಿನಾ ನಿಂದರಸ್ತಾರಲ್ಲ, ಆ ಆನಿ ಯಾವಾಗ ಮಲಗತೈತಿ?"