ಹತ್ತಿ ಮಿಲ್ಲಿನ ಪ್ರಾಜೆಕ್ಟ್ ತೆರೆದ ದಿನ

ನಮ್ಮವರು ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ನಮ್ಮೂರು ಆದೋನಿಯ ಹತ್ತಿ ಮಿಲ್ಲೊಂದಕ್ಕೆ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದವರು ಅವರೇ. ತಪ್ಪು ಹುಡುಕಿ ಬೈಯುವ ಕೆಲಸ ನನ್ನದಾಗಿತ್ತು. ಬೆಳಿಗ್ಗೆ ಮಿಲ್ಲಿನ ಮ್ಯಾನೇಜರ್ ಫೋನ್ ಮಾಡಿ, ಮುಂದಿನ ವಾರ ಹತ್ತಿ ಬರುತ್ತದೆಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಹೇಳಿದರು.

“ವಚ್ಚೇ ವಾರಂ ಪತ್ತಿ ಬರ್ತೈತಮ್ಮಾ. ಚೀಟಿ ಸ್ವಲ್ಪ ಬದಲಿ ಮಾಡಬೇಕು. ಆಗ್ತೈತೋ ಇಲ್ಲೋ ಸಂಜಿಗಿ ಹೇಳ್ರಿ. ಇಲ್ಲಾಂದ್ರ ಬ್ಯಾರೇರನ್ನ ನೋಡ್ಕೋತೀವಿ.”

ಬೇರೆಯವರು ಬಂದರೆ ನಮ್ಮವರು ಬರೆದದ್ದನ್ನೆಲ್ಲ ತೆಗೆದುಹಾಕುತ್ತಾರೆ. ಇವರದೆಂದು ಊರಲ್ಲಿ ಇನ್ನೂ ನಡೆಯುತ್ತಿದ್ದದ್ದು ಅದೊಂದೇ. ಅದು ಹೋಗಬಾರದು ಅನ್ನಿಸಿತು.

ನನ್ನ ಕಂಪ್ಯೂಟರಿಗೆ ಅವರ ಪೆನ್‌ಡ್ರೈವ್ ಹಾಕಿದೆ. ಹೊರಗೆ ಒಂದು ದೊಡ್ಡ ಫೋಲ್ಡರ್, ಒಳಗೆ ಪ್ರೋಗ್ರಾಮಿನ ನಾಲ್ಕು ಭಾಗ, ನಾಲ್ಕು ಮಾಡ್ಯೂಲ್. ನಾನು ಮಹಾ ಜಾಣೆಯಂತೆ ಒಂದೊಂದನ್ನೇ ಬೇರೆಬೇರೆಯಾಗಿ ತೆರೆದೆ. ತಪ್ಪಿದ್ದಲ್ಲೆಲ್ಲ ಬೀಳುವ ಕೆಂಪು ಗೆರೆ ತುಂಬ. ಒಂದಕ್ಕೆ ಇನ್ನೊಂದರ ಗುರುತೇ ಇಲ್ಲ. ಎಲ್ಲ ಮುಚ್ಚಿ ಹೊರಗಿನ ಫೋಲ್ಡರನ್ನೇ ಇಂಪೋರ್ಟ್ ಮಾಡಿದೆ. ನಾಲ್ಕೂ ಒಟ್ಟಿಗೆ ಬಂದವು. ಆಮೇಲೆ ಪ್ರೋಗ್ರಾಂ ಓಡಿಸುವ ನನ್ನ ಜಾವಾ ತೀರಾ ಹೊಸದೆಂದು ಕಂಪ್ಯೂಟರಿನ ತಕರಾರು, ಹಳೆಯದನ್ನು ಹಾಕಿದೆ. ಕೆಂಪು ಕಡಿಮೆಯಾಯಿತು, ನನಗೆ ಖುಷಿಯೇನೂ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ.

ಕೊನೆಗೆ ಒಂದು ತಪ್ಪು ಉಳಿಯಿತು. ಹತ್ತಿಯ ತೇವಕ್ಕೆ ತಕ್ಕಂತೆ ತೂಕ ಕಳೆಯುವ ಲೆಕ್ಕದ ಫೈಲು, ಒಂದು ಲೈಬ್ರರಿ, ಸಿಗುತ್ತಿರಲಿಲ್ಲ. ನೆಟ್ಟಿನಿಂದ ಇಳಿಸಲು ಮೂರು ಸಲ ನೋಡಿದ ಮೇಲೆ ಅದರ ಹೆಸರನ್ನು ಸರಿಯಾಗಿ ಓದಿದೆ. ಮುಂದೆ ನಮ್ಮ ಮನೆತನದ ಹೆಸರಿತ್ತು. ಅದು ಅವರೇ ಬರೆದು ತಮ್ಮ ಲ್ಯಾಪ್‌ಟಾಪಿನಲ್ಲಷ್ಟೇ ಇಟ್ಟುಕೊಂಡದ್ದು.

ಆ ಲ್ಯಾಪ್‌ಟಾಪ್ ಪೆದ್ದಕಡುಬೂರಿನ ನಾದಿನಿಯ ಮನೆ ಸೇರಿತ್ತು. ಹನ್ನೊಂದನೆಯ ದಿನ ಹೋದವರ ಸಾಮಾನು ಮನೆಯಲ್ಲಿ ಉಳಿಸಿಕೊಳ್ಳದೆ ಕೊಟ್ಟುಬಿಡುವುದು ನಮ್ಮ ಮನೆಯ ಪದ್ಧತಿ. ಬಟ್ಟೆಯನ್ನು ನೀರಿಗೆ ಅದ್ದಿ ಕೊಡುತ್ತಾರೆ. ಲ್ಯಾಪ್‌ಟಾಪನ್ನು ಅದ್ದಲಾದೀತೇ? ಅದಕ್ಕೆ ನಾನೇ ಕೂತು ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದೆ, ಎಲ್ಲ ಪೆನ್‌ಡ್ರೈವಿನಲ್ಲಿದೆ ಎಂದುಕೊಂಡು. ಕೆಟ್ಟ ಮೇಲೆ ಬುದ್ಧಿ ಬಂತು.

ಪೆನ್‌ಡ್ರೈವನ್ನು ಇನ್ನೊಮ್ಮೆ ಜಾಲಾಡಿದೆ, ಸಿಗಲಿಲ್ಲ. ಆಗ ಮಿಲ್ಲಿನ ಕಂಪ್ಯೂಟರಿನಲ್ಲಿ ಈ ಪ್ರೋಗ್ರಾಂ ಇನ್ನೂ ಓಡುತ್ತಿದೆ ಎಂಬುದು ಹೊಳೆಯಿತು. ಓಡಬೇಕಾದರೆ ಆ ಲೈಬ್ರರಿಯೂ ಅಲ್ಲಿರಲೇಬೇಕು. ಶೇರ್ ಆಟೋ ಹತ್ತಿ ಹೋಗಿ ಕಾಪಿ ಮಾಡಿಕೊಂಡು ಬಂದೆ. ಹಾಕಿದೆ. ಒಂದೂ ಕೆಂಪು ಗೆರೆ ಉಳಿಯಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ, ಆಗ್ತೈತ್ರಿ ಎಂದೆ.

ಆಮೇಲೆ ಲೈಬ್ರರಿಯನ್ನು ಬಿಚ್ಚಿ ನೋಡಿದೆ. ನಾನು ಬೈಯುತ್ತೇನೆಂದು ಅವರು ಕೋಡಿನ ನಡುನಡುವೆ ನನಗಾಗಿ ಬರೆದಿಡುತ್ತಿದ್ದರು: “ಇಲ್ಲಿ ಬೈಬ್ಯಾಡ, ನಾಳೆ ಸರಿ ಮಾಡ್ತೀನಿ” ಎಂಬಂಥವು. ಮಿಲ್ಲಿಗೆ ಕೊಡುವ ಫೈಲಿನಲ್ಲಿ ಯಂತ್ರಕ್ಕೆ ಬೇಕಾದದ್ದಷ್ಟೇ ಇರುತ್ತದೆ, ಅಂಥ ಟಿಪ್ಪಣಿಗಳು ಬರುವುದಿಲ್ಲ. ತೇವ ಕಳೆಯುವ ಲೆಕ್ಕ ಪೂರ್ತಿ ಇತ್ತು, ಅವರ ಮಾತು ಒಂದೂ ಇರಲಿಲ್ಲ. ಇದರೊಳಗೆ ಬರೆದವು ಆ ಲ್ಯಾಪ್‌ಟಾಪಿನಲ್ಲಷ್ಟೇ ಇದ್ದವು, ಅವನ್ನೆಲ್ಲ ನಾನೇ ಅಳಿಸಿ ಕೊಟ್ಟಿದ್ದೆ. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ.

ಅತ್ತೆ ಅಡುಗೆಮನೆಯಿಂದ ಬಂದು ನಿಂತರು. “ಕೆಲಸ ಆತೇನವಾ?”

“ಆತ್ರಿ ಅತ್ತಿ.”

“ಮತ್ಯಾಕ ಹಂಗ ಕುಂತಿ? ಬಾ, ಉಣ್ಣು.”

ಎದ್ದು ಹೋಗಿ ಉಂಡೆ.