ಅಕ್ಷರಗುಂಡಿನ ಮುಂದೆ ಅವ್ವ

ನಮ್ಮ ಹಸು ಮೇವು ಬಿಟ್ಟಿತ್ತು. ಡಾಕ್ಟರು ಬಂದು ಸೂಜಿ ಹಾಕಿ ಹೋಗಿದ್ದರೂ ಅವ್ವನಿಗೆ ಸಮಾಧಾನವಿಲ್ಲ. ಸಿದ್ದಾಪುರದ ಹತ್ತಿರ ಅಶೋಕನ ಶಾಸನವಿರುವ ಬಂಡೆಗೆ ಜನ ಅಕ್ಷರಗುಂಡು ಅನ್ನುತ್ತಾರೆ. ಅದರ ಮೇಲೆ ನೀರು ಹುಯ್ದು, ಇಳಿದು ಬಂದದ್ದನ್ನು ಹಿಡಿದು ಕುಡಿಸಿದರೆ ದನದ ಕಾಯಿಲೆ ಓಡಿಹೋಗುತ್ತದೆಂಬುದು ಅವಳ ತವರಿನವರ ನಂಬಿಕೆ. ಚಳ್ಳಕೆರೆಯಲ್ಲಿ ಬಸ್ಸು ಹತ್ತಿದೆವು.

ನನಗೂ ಒಂದು ಕೆಲಸವಿತ್ತು. ಮೊಳಕಾಲ್ಮೂರಿನ ಸೀರೆ ನೇಯುವ ಮನೆಯ ಹುಡುಗನನ್ನೇ ಮದುವೆಯಾಗುತ್ತೇನೆಂದು ಅವ್ವನಿಗೆ ಹೇಳಬೇಕಿತ್ತು. ಅವರು ಮನೆಯಲ್ಲಿ ಮಾತಾಡುವುದು ತೆಲುಗು, ಜಾತಿಯೂ ಬೇರೆ. ದಾರಿಯುದ್ದಕ್ಕೂ ಹೇಳಲೆಂದು ಬಾಯಿ ತೆರೆಯುವುದು, ಶೇಂಗಾ ಹಾಕಿಕೊಂಡು ಮುಚ್ಚುವುದು, ಇದೇ ಆಯಿತು.

ಬಂಡೆಗೆ ಈಗ ಮೇಲೆ ಚಾವಣಿ, ಸುತ್ತ ಸರಳು. ಒಳಗೆ ಕಡ್ಡಿಯಲ್ಲಿ ಗೀರಿದಂಥ ಅಕ್ಷರಗಳು, ಸಾಲೂ ನೆಟ್ಟಗಿಲ್ಲ. ಅವ್ವನ ಕೈಯ ಬಾಟಲಿ ಕಂಡ ಕೂಡಲೇ ಕಾವಲುಗಾರ ಎದ್ದು ಬಂದ.

"ನೀರು ಹುಯ್ಯಂಗಿಲ್ಲಮ್ಮ. ಅಕ್ಷರ ಸವ್ದು ಹೋಗ್ತಾವೆ."

"ಅಂಥಾದ್ದೇನಪ್ಪಾ ಬರ್ಸಿದಾನೆ ನಿಮ್ಮ ರಾಜ?"

"ಅವ್ವ ಅಪ್ಪನ ಮಾತು ಕೇಳ್ಬೇಕು, ಪ್ರಾಣಿಗಳ ಮೇಲೆ ದಯೆ ಇರ್ಬೇಕು, ನಿಜಾನೇ ಹೇಳ್ಬೇಕು ಅಂತ."

ಮೊದಲನೆಯದಕ್ಕೆ ಅವ್ವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಎರಡನೆಯದಕ್ಕೆ ಅವನನ್ನೇ ಹಿಡಿದುಕೊಂಡಳು. "ದಯೆ ಇರ್ಲಿ ಅಂತ ರಾಜನೇ ಬರ್ಸಿದಾನೆ, ನನ್ನ ಹಸುಗೆ ಒಂದು ಲೋಟ ನೀರಿಗೆ ನೀನು ಅಡ್ಡ ನಿಂತೀಯಲ್ಲ!"

ಅವನು ನಕ್ಕು ನಕ್ಕು ಸುಸ್ತಾದ, ಬಾಗಿಲು ಮಾತ್ರ ತೆಗೆಯಲಿಲ್ಲ. ಹಸು ಸಂಜೆಗೆಲ್ಲ ಡಾಕ್ಟರ ಸೂಜಿಗೇ ಮೇವು ಮುಟ್ಟಿತು, ಅದು ಬೇರೆ ಮಾತು.

ಮೂರನೆಯದು ನನ್ನ ಪಾಲಿಗೆ ಉಳಿಯಿತು. ಸರಳು ಹಿಡಿದುಕೊಂಡು, ಅವ್ವನ ಮುಖ ನೋಡದೆ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಕಾವಲುಗಾರ, ಪಾಪ, ಬೀಡಿಯ ನೆಪ ಮಾಡಿಕೊಂಡು ಆಚೆ ಹೋದ.

ಅವ್ವ ಕಲ್ಲೊಂದರ ಮೇಲೆ ಕೂತಳು. ಹಸುವಿಗೆಂದು ತಂದಿದ್ದ ನೀರನ್ನು ತಾನೇ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಬಹಳ ಹೊತ್ತು ಗುಡ್ಡ ನೋಡಿದಳು. ಬೈದಿದ್ದರೆ ವಾಸಿಯಿತ್ತು. ನನಗೆ ನಿಜಕ್ಕೂ ಭಯವಾಯಿತು.

"ಅವನ ಅವ್ವಂಗೆ ಕನ್ನಡ ಬರ್ತೈತೇನೆ?"

"ಸ್ವಲ್ಪ ಸ್ವಲ್ಪ ಬರ್ತೈತಂತೆ."

"ಸ್ವಲ್ಪ ಬಂದ್ರೆ ಹೆಂಗೆ? ನಾಳೆ ಬೀಗತಿ ಜೊತೆ ಜಗಳ ಆಡೋಕೆ ನಾನು ತೆಲುಗು ಕಲೀಬೇಕಾ?"

ಬೀಗತಿ ಅಂದಳು! ನಾನು ಅಲ್ಲೇ ಅವಳ ಕೊರಳಿಗೆ ಜೋತುಬಿದ್ದೆ.